ಪಿಯುಸಿ ಪಾಸಾದ ಮಕ್ಕಳ ಸ್ಕಾಲರ್‌ಶಿಪ್ ದುಡ್ಡು ದಾರೀಲೇ ಯಾಕೆ ನಿಲ್ತೈತೆ: ಜಗಳೂರಲ್ಲಿ ಆಡಿದ ಮಾತು

ಹೋದ ತಿಂಗಳು ದಾವಣಗೆರೆ ಜಿಲ್ಲೆಯ ಜಗಳೂರಲ್ಲಿ ಸೆಕೆಂಡ್ ಪಿಯುಸಿ ಪಾಸಾದ ಮಕ್ಕಳು, ಅವರ ಅಪ್ಪ ಅವ್ವಂದಿರು ಸೇರಿದ್ದ ಒಂದು ಸಭೇಲಿ ಸ್ಕಾಲರ್‌ಶಿಪ್ ಬಗ್ಗೆ ಮಾತಾಡಿದ್ದೆ. ಆಮೇಲೆ ಸುಮಾರು ಜನ ಫೋನ್ ಮಾಡಿ ಸಾರ್ ಅದೇನೋ ಮ್ಯಾಪಿಂಗ್ ಅಂದ್ರಲ್ಲ ಇನ್ನೊಂದ್ಸಲ ಹೇಳ್ರಿ ಅಂದ್ರು, ಅದಕ್ಕೆ ಇಡೀ ಮಾತನ್ನೇ ಬರೆದಿದೀನಿ. ಆಡಿದ ಹಂಗೇ ಬರೆದೈತೆ, ಅವತ್ತು ಮರೆತಿದ್ದು ಒಂದೆರಡು ಸೇರಿಸಿದೀನಿ ಅಷ್ಟೇ. ನಾನು ಡಿಗ್ರಿ ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡೋನು, ಅದರ ಜೊತೆಗೆ ಹನ್ನೊಂದು ವರ್ಷದಿಂದ ಕಾಲೇಜಿನ ಸ್ಕಾಲರ್‌ಶಿಪ್ ಕೆಲಸಾನೂ ನೋಡ್ಕೊಳ್ತಿದೀನಿ.

ಎಲ್ರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ ಕೇಳ್ತೀನಿ, ಕೈ ಎತ್ರಿ. ನಿಮ್ಮ ಆಧಾರ್ ಬ್ಯಾಂಕಿಗೆ ಲಿಂಕ್ ಆಗೈತಾ? ಹ್ಞಾಂ, ಎಲ್ರೂ ಎತ್ತಿದ್ರಿ. ಸರಿ, ಈಗ ಸರ್ಕಾರ ನಿಮ್ಮ ಆಧಾರ್ ನಂಬರಿಗೆ ಇವತ್ತು ದುಡ್ಡು ಹಾಕಿದ್ರೆ ಅದು ಯಾವ ಬ್ಯಾಂಕಿಗೆ ಹೋಗ್ತೈತೆ ಅಂತ ಖಾತ್ರಿಯಾಗಿ ಗೊತ್ತಿರೋರು ಮಾತ್ರ ಕೈ ಮೇಲೆ ಇಟ್ಕೊಳ್ರಿ. ನೋಡ್ರಿ, ಆರೋ ಏಳೋ ಕೈ ಉಳೀತು. ಇಷ್ಟು ಜನ ಇರೋ ಹಾಲಲ್ಲಿ ಏಳು ಜನ. ನಾನು ಇವತ್ತು ಬಂದಿರೋದೇ ಕೆಳಗಿಳಿದ ಕೈಗಳಿಗೋಸ್ಕರ.

ನಾಲ್ಕೈದು ವರ್ಷದ ಹಿಂದೆ ನಮ್ಮಲ್ಲಿ ಬಿಕಾಂ ಫಸ್ಟ್ ಇಯರ್‌ಗೆ ಒಬ್ಬ ಹುಡುಗಿ ಸೇರಿದ್ಲು, ಇದೇ ತಾಲೂಕಿನ ಕಡೆಯವಳು, ಮನೇಲಿ ಅವಳೇ ಮೊದಲನೇಳು ಕಾಲೇಜು ಮೆಟ್ಟಿಲು ಹತ್ತಿದೋಳು. ಅಪ್ಲಿಕೇಶನ್ ಸರಿಯಾಗೇ ಹಾಕಿದ್ಲು. ಫೆಬ್ರವರಿ ಬಂತು, ಕ್ಲಾಸಿನ ಬೇರೆ ಹುಡುಗೀರಿಗೆಲ್ಲಾ ಮೆಸೇಜ್ ಬಂತು, ಇವಳಿಗೆ ಬರಲಿಲ್ಲ. ಎರಡು ಸಲ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸ್ಕೊಂಡು ಬಂದ್ಲು, ಏನೂ ಇಲ್ಲ. ನನ್ನ ಹತ್ರಾನೂ ಬಂದಿದ್ಲು, ಬರ್ತೈತಮ್ಮ ಕಾಯಿ ಅಂದೆ. ಸೆಕೆಂಡ್ ಇಯರ್ ಫೀಸ್ ಕಟ್ಟೋ ಹೊತ್ತಿಗೆ ಅವಳು ಬರಲಿಲ್ಲ, ಗಾರ್ಮೆಂಟ್ಸಿಗೆ ಸೇರ್ಕೊಂಡ್ಲು ಅಂತ ಅವಳ ಊರಿನ ಹುಡುಗ ಹೇಳ್ದ. ಎಷ್ಟೋ ತಿಂಗಳು ಆದ್ಮೇಲೆ ಬೇರೆ ಯಾರದ್ದೋ ಸ್ಟೇಟಸ್ ನೋಡೋವಾಗ ಸುಮ್ನೆ ಅವಳದ್ದೂ ನೋಡ್ದೆ, ಪೇಮೆಂಟ್ ಸಕ್ಸಸ್ ಅಂತಿತ್ತು. ದುಡ್ಡು ಮಂಜೂರೂ ಆಗಿತ್ತು, ಜಮೆನೂ ಆಗಿತ್ತು. ಆದರೆ ಅವಳು ದಿನಾ ನೋಡ್ತಿದ್ದ ಖಾತೆಗಲ್ಲ, ಯಾವತ್ತೋ ಸಿಮ್ ತಗೊಳೋವಾಗ ಬೆರಳು ಒತ್ತಿಸ್ಕೊಂಡು ಓಪನ್ ಮಾಡಿದ್ದ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆಗೆ. ಹಂಗೊಂದು ಖಾತೆ ಐತೆ ಅನ್ನೋದೇ ಆ ಮಗೀಗೆ ಗೊತ್ತಿರಲಿಲ್ಲ. ಅವತ್ತು ಕಾಯಿ ಅನ್ನೋ ಬದಲು ಐದು ನಿಮಿಷ ಕೂತು ನೋಡಿದ್ದಿದ್ರೆ ಅವಳು ಇವತ್ತಿಗೆ ಡಿಗ್ರಿ ಮುಗಿಸಿರೋಳು. ಇದು ನನ್ನ ಎದೇಲಿ ಹಂಗೇ ಕೂತೈತೆ, ಅದಕ್ಕೆ ಕರೆದ ಕಡೆಗೆಲ್ಲ ಹೋಗಿ ಮಾತಾಡ್ತೀನಿ.

ಈಗ ಅದು ಹೆಂಗೆ ಆಗ್ತೈತೆ ಅಂತ ಹೇಳ್ತೀನಿ, ಹುಡುಗ್ರಾ ಬರ್ಕೊಳ್ರಿ. ಬ್ಯಾಂಕಲ್ಲಿ ಆಧಾರ್ ಜೆರಾಕ್ಸ್ ಕೊಟ್ಟು ಕೆವೈಸಿ ಮಾಡಿಸೋದು ಬೇರೆ, ಆಧಾರ್ ಸೀಡಿಂಗ್ ಅನ್ನೋದು ಬೇರೆ. ಕೆವೈಸಿ ಅಂದ್ರೆ ಬ್ಯಾಂಕಿಗೆ ನೀವ್ಯಾರು ಅಂತ ಗೊತ್ತಾಯ್ತು, ಅಷ್ಟೇ. ಸೀಡಿಂಗ್ ಅಂದ್ರೆ ಎನ್‌ಪಿಸಿಐ ಅಂತ ಒಂದು ಸಂಸ್ಥೆ ಐತೆ, ಅವರ ಹತ್ರ ಒಂದು ದೊಡ್ಡ ಪಟ್ಟಿ ಐತೆ, ಮ್ಯಾಪರ್ ಅಂತಾರೆ, ಆ ಪಟ್ಟೀಲಿ ನಿಮ್ಮ ಆಧಾರ್ ನಂಬರ್ ಮುಂದೆ ಒಂದೇ ಒಂದು ಬ್ಯಾಂಕಿನ ಹೆಸರು ಇರ್ತೈತೆ. ನಿಮಗೆ ಮೂರು ಖಾತೆ ಇದ್ರೂ ಪಟ್ಟೀಲಿ ಒಂದೇ ಬ್ಯಾಂಕು. ಕೊನೆಗೆ ಯಾವ ಬ್ಯಾಂಕಲ್ಲಿ ಸೀಡ್ ಆಯ್ತೋ ಅದು ಹಳೇದನ್ನ ಅಳಿಸಿ ತನ್ನ ಹೆಸರು ಹಾಕ್ಕೊಳ್ತೈತೆ. ಸರ್ಕಾರದ ಖಜಾನೆ ನಿಮ್ಮ ಪಾಸ್‌ಬುಕ್ ನಂಬರ್ ನೋಡಲ್ಲ, ಆ ಪಟ್ಟಿ ನೋಡ್ತೈತೆ. ಹಂಗಾಗಿ ಹೊಸ ಸಿಮ್ಮು, ಹೊಸ ಆ್ಯಪು, ಸಂತೇಲಿ ಛತ್ರಿ ಹಾಕ್ಕೊಂಡು ಕೂತು ಫ್ರೀ ಅಕೌಂಟ್ ಮಾಡ್ಕೊಡ್ತೀವಿ ಅನ್ನೋರು, ಇವರ ಹತ್ರ ಬೆರಳು ಒತ್ತೋಕೆ ಮುಂಚೆ ನೂರು ಸಲ ಯೋಚನೆ ಮಾಡ್ರಿ. ಇದನ್ನ ನೋಡ್ಕೊಳೋದು ಕಷ್ಟ ಏನಲ್ಲ, ಮೈಆಧಾರ್ ವೆಬ್‌ಸೈಟಿಗೆ ಹೋಗಿ ಆಧಾರ್ ನಂಬರ್ ಹಾಕಿದ್ರೆ ಓಟಿಪಿ ಬರ್ತೈತೆ, ಒಳಗೆ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಐತೆ, ಒತ್ತಿದ್ರೆ ಬ್ಯಾಂಕಿನ ಹೆಸರು, ಆ್ಯಕ್ಟಿವ್ ಐತೋ ಇಲ್ವೋ ಎಲ್ಲಾ ತೋರಿಸ್ತೈತೆ. ಓಟಿಪಿ ಬರ್ಬೇಕಂದ್ರೆ ಆಧಾರಿಗೆ ಕೊಟ್ಟ ಮೊಬೈಲ್ ನಂಬರ್ ಇನ್ನೂ ಚಾಲ್ತೀಲಿರ್ಬೇಕು. ಇಲ್ಲೇ ಅರ್ಧ ಜನ ಸಿಕ್ಕಾಕ್ಕೊಳ್ತೀರಿ, ಯಾಕಂದ್ರೆ ಐದನೇ ಕ್ಲಾಸಲ್ಲಿ ಮಾವನ ನಂಬರ್ ಕೊಟ್ಟಿರ್ತೀರಿ, ಮಾವ ಆ ಸಿಮ್ ಬಿಸಾಕಿ ಎಷ್ಟೋ ವರ್ಷ ಆಗಿರ್ತೈತೆ.

ಇನ್ನೊಂದು, ಹೈಸ್ಕೂಲಲ್ಲಿ ಓಪನ್ ಮಾಡಿಸಿದ ಖಾತೆ ಮೈನರ್ ಖಾತೆ. ಹದಿನೆಂಟು ತುಂಬಿದ ಮೇಲೆ ಬ್ಯಾಂಕಿಗೆ ಹೋಗಿ ಹೊಸದಾಗಿ ಸಹಿ, ಫೋಟೋ, ಕೆವೈಸಿ ಕೊಟ್ಟು ಮೇಜರ್ ಮಾಡಿಸ್ಬೇಕು. ಅದನ್ನ ಮಾಡಿಸದೆ ಇದ್ರೆ ದುಡ್ಡು ಬಂದ್ರೂ ತೆಗೆಯೋಕೆ ಆಗದೆ ಒದ್ದಾಡ್ತೀರಿ.

ನಮ್ಮ ಕಡೆ ಭದ್ರಾ ನಾಲೆ ಕಥೆ ಎಲ್ರಿಗೂ ಗೊತ್ತು. ಡ್ಯಾಮಿಂದ ನೀರು ಬಿಟ್ಟಿದ್ದಾರೆ ಅಂತ ಪೇಪರಲ್ಲಿ ಬರ್ತೈತೆ, ಕೊನೆ ಭಾಗದ ಗದ್ದೆಯೋರು ಮಾತ್ರ ರಾತ್ರಿ ಎಲ್ಲಾ ಕಾಲುವೆ ಮೇಲೆ ಕೂತ್ಕೊಂಡು ಕಾಯ್ತಿರ್ತಾರೆ. ನಿಮ್ಮ ಜಗಳೂರಿಗಂತೂ ಭದ್ರೆ ನಾಲೇನೂ ಇಲ್ಲ, ಹರಿಹರದ ಹತ್ರ ತುಂಗಭದ್ರೆಯಿಂದ ಪೈಪಲ್ಲಿ ಎತ್ತಿ 57 ಕೆರೆ ತುಂಬಿಸ್ಬೇಕು ಅಂತ ಎಷ್ಟು ವರ್ಷ ಹೋರಾಡಿದ್ರಿ. ಪೈಪು ನಡುವೆ ಎಲ್ಲೋ ಒಡೆದಿದ್ರೆ ಹೊಳೇಲಿ ನೀರಿದ್ರೂ ನಿಮ್ಮ ಕೆರೆ ಒಣಗಿರ್ತೈತೆ. ಸ್ಕಾಲರ್‌ಶಿಪ್ಪೂ ಹಿಂಗೇನೇ, ಬೆಂಗಳೂರಲ್ಲಿ ಬಿಟ್ಟಿರ್ತಾರೆ, ನಡುವೆ ಎಲ್ಲೆಲ್ಲಿ ಸೋರ್ತೈತೆ ಅಂತ ನೀವೇ ಪೈಪಿನ ಜೊತೆ ನಡೆದು ನೋಡ್ಬೇಕು.

ಸರಿ, ದುಡ್ಡು ಯಾವ್ಯಾವುದು ಐತೆ ಅಂತ ಹೇಳ್ತೀನಿ. ಎಲ್ಲಾ ಹೇಳೋಕೆ ಹೋದ್ರೆ ಸಂಜೆ ಆಗ್ತೈತೆ, ನಮ್ಮ ಮಕ್ಕಳು ಜಾಸ್ತಿ ಕಳ್ಕೊಳ್ತಿರೋದನ್ನ ಹಿಡ್ಕೊಳ್ತೀನಿ.

ದೊಡ್ಡ ಬಾಗಿಲು ಅಂದ್ರೆ ಎಸ್‌ಎಸ್‌ಪಿ, ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ಹಿಂಗೆ ಬೇರೆ ಬೇರೆ ಇಲಾಖೆಗೆ ಬೇರೆ ಬೇರೆ ಅರ್ಜಿ ಹಾಕೋ ಕಾಲ ಹೋಯ್ತು, ಒಂದೇ ಅರ್ಜಿ. ನಿಮ್ಮ ಜಾತಿ, ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಹಾಕಿದ್ರೆ ನಾಡಕಚೇರಿ ಲೆಕ್ಕದಿಂದ ಅದೇ ವಿವರ ಎಳ್ಕೊಳ್ತೈತೆ. ಎಸ್‌ಸಿ ಎಸ್‌ಟಿ ಮಕ್ಕಳ ಕೇಂದ್ರದ ಪೋಸ್ಟ್ ಮೆಟ್ರಿಕ್‌ಗೆ, ಅಂದ್ರೆ ಎಸ್ಸೆಸ್ಸೆಲ್ಸಿ ಆದ್ಮೇಲಿನ ಓದಿಗೆ ಕೊಡೋ ಸ್ಕಾಲರ್‌ಶಿಪ್ಪಿಗೆ, ಮನೆ ಆದಾಯ ವರ್ಷಕ್ಕೆ ಎರಡೂವರೆ ಲಕ್ಷದ ಒಳಗಿರ್ಬೇಕು, ಹಿಂದುಳಿದ ವರ್ಗದೋರಿಗೆ ಕೆಟಗರಿ ನೋಡ್ಕೊಂಡು ಮಿತಿ ಬೇರೆ ಬೇರೆ. ಆದಾಯ ಸರ್ಟಿಫಿಕೇಟ್ ಐದು ವರ್ಷ ನಡೀತೈತೆ. ನೀವು ಎಂಟನೇ ಕ್ಲಾಸಲ್ಲಿ ಮಾಡಿಸಿದ್ದು ಡಿಗ್ರಿ ಸೇರೋ ಹೊತ್ತಿಗೆ ಸರಿಯಾಗಿ ಮುಗಿಯೋ ಟೈಮು, ಮನೆಗೆ ಹೋದ ತಕ್ಷಣ ತಾರೀಖು ನೋಡ್ರಿ. ಕಾಲೇಜು ಸೇರಿದ ಮೇಲೆ ಇ-ಅಟೆಸ್ಟೇಶನ್ ಅಂತ ಒಂದು ಐತೆ, ಸ್ಟಡಿ ಸರ್ಟಿಫಿಕೇಟು ಮತ್ತೆ ಕೇಳಿದ ದಾಖಲೆಗಳನ್ನ ಕಾಲೇಜಿನೋರು ಆನ್‌ಲೈನಲ್ಲೇ ನೋಡಿ ಸರಿ ಐತೆ ಅಂತ ಒಪ್ಪಿಗೆ ಕೊಡೋದು. ಇದಕ್ಕೆ ಕೊನೆ ದಿನದವರೆಗೂ ಕಾಯ್ಬೇಡ್ರಿ, ಕೊನೆ ವಾರ ನಮ್ಮ ಟೇಬಲ್ ಮುಂದೆ ಇನ್ನೂರು ಜನ ನಿಂತಿರ್ತಾರೆ, ಸರ್ವರ್ ಸುತ್ತುತ್ತಾ ಕೂತಿರ್ತೈತೆ.

ಹಾಸ್ಟೆಲ್ ವಿಷಯ ಇಲ್ಲೇ ಹೇಳ್ಬಿಡ್ತೀನಿ. ಜಗಳೂರಿಂದ ದಾವಣಗೆರೆಗೆ ಹತ್ರ ಹತ್ರ ಐವತ್ತು ಕಿಲೋಮೀಟರ್. ಹೆಣ್ಣುಮಕ್ಕಳಿಗೆ 2023ರ ಜೂನಿಂದ ಶಕ್ತಿ ಯೋಜನೆ ಬಂದು ಕೆಂಪು ಬಸ್ಸಲ್ಲಿ ಟಿಕೆಟ್ ಇಲ್ಲ, ಅದರಿಂದ ಎಷ್ಟೋ ಹುಡುಗೀರು ಕಾಲೇಜಿಗೆ ಬಂದ್ರು, ನಾನು ಕಣ್ಣಾರೆ ನೋಡಿದೀನಿ. ಆದರೆ ಬರೀ ಪ್ರೈವೇಟ್ ಬಸ್ ಓಡೋ ಹಳ್ಳಿಯೋರಿಗೆ ಆ ಅನುಕೂಲ ಇಲ್ಲ. ಹಂಗಾಗಿ ಸಮಾಜ ಕಲ್ಯಾಣ ಹಾಸ್ಟೆಲ್, ಹಿಂದುಳಿದ ವರ್ಗದೋರ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಕರೆದ ಕೂಡ್ಲೇ ಹಾಕ್ರಿ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸೀಟ್ ಸಿಗದೆ ಇದ್ರೆ ವಿದ್ಯಾಸಿರಿ ಐತೆ, ಶುರುವಾದಾಗ ತಿಂಗಳಿಗೆ 1500ರ ಲೆಕ್ಕದಲ್ಲಿ ಹತ್ತು ತಿಂಗಳಿಗೆ 15,000 ರೂಪಾಯಿ ಅಂತ ನಿಗದಿ ಮಾಡಿದ್ರು, ಊಟ ಮತ್ತೆ ರೂಮಿಗೆ. ಹಾಸ್ಟೆಲಲ್ಲೂ ಇದ್ದು ವಿದ್ಯಾಸಿರೀನೂ ತಗೊಳೋಕೆ ಬರಲ್ಲ.

ಇದಂತೂ ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತೇ ಇಲ್ಲ, ಕಿವಿ ಕೊಟ್ಟು ಕೇಳ್ರಿ. ಎಸ್‌ಸಿ ಎಸ್‌ಟಿ ಮಕ್ಕಳು ಪಬ್ಲಿಕ್ ಪರೀಕ್ಷೆಯನ್ನ ಮೊದಲನೇ ಸಲಕ್ಕೇ ಫಸ್ಟ್ ಕ್ಲಾಸಲ್ಲಿ ಪಾಸು ಮಾಡಿದ್ರೆ ಪ್ರೈಜ್ ಮನಿ ಅಂತ ಐತೆ. ಸೆಕೆಂಡ್ ಪಿಯುಸಿ ಅಥವಾ ಮೂರು ವರ್ಷದ ಡಿಪ್ಲೊಮಾ ಆದ್ರೆ 20,000, ಡಿಗ್ರಿ ಆದ್ರೆ 25,000, ಪಿಜಿಗೆ 30,000, ಇಂಜಿನಿಯರಿಂಗ್ ಮೆಡಿಕಲ್ ಅಗ್ರಿ ವೆಟರ್ನರಿಗೆ 35,000. ಇದು ಮುಂದೆ ಓದೋಕೆ ಕೊಡೋ ಸ್ಕಾಲರ್‌ಶಿಪ್ ಅಲ್ಲ, ಈಗಾಗಲೇ ಓದಿ ತೋರಿಸಿದ್ದಕ್ಕೆ ಕೊಡೋದು, ಅರ್ಜಿ ಬೇರೆ. ಈ ಹಾಲಲ್ಲಿ ಅರವತ್ತು ಪರ್ಸೆಂಟ್ ದಾಟಿರೋ ಎಷ್ಟು ಮಕ್ಕಳಿದೀರಿ, ಲೆಕ್ಕ ಹಾಕ್ಕೊಳ್ರಿ. ಇಪ್ಪತ್ತು ಸಾವಿರ ಅಂದ್ರೆ ಸರ್ಕಾರಿ ಕಾಲೇಜಲ್ಲಿ ಬಿಎ ಓದೋ ಮಗೀಗೆ ಮೂರು ವರ್ಷದ ಫೀಸಿಗೆ ಬಹುಮಟ್ಟಿಗೆ ಸಾಕಾಗ್ತೈತೆ.

ರೈತರ ಮಕ್ಕಳಿಗೆ ಅಂತ ರೈತ ವಿದ್ಯಾನಿಧಿ 2021ರಲ್ಲಿ ಶುರುವಾಯ್ತು. ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ಗಂಡುಮಕ್ಕಳಿಗೆ 2500, ಹೆಣ್ಣುಮಕ್ಕಳಿಗೆ 3000. ಬಿಎ ಬಿಎಸ್ಸಿ ಬಿಕಾಂಗೆ 5000 ಮತ್ತು 5500. ಲಾ, ನರ್ಸಿಂಗ್, ಪ್ಯಾರಾಮೆಡಿಕಲ್‌ಗೆ 7500 ಮತ್ತು 8000. ಇಂಜಿನಿಯರಿಂಗ್, ಮೆಡಿಕಲ್, ಪಿಜಿಗೆ 10,000 ಮತ್ತು 11,000. ಹಿಂಗೆ ಆದೇಶದಲ್ಲಿ ಇಟ್ಟಿದ್ರು, ಆಯಾ ವರ್ಷದ ಆದೇಶ ನೋಡ್ಕೊಂಡು ಹಾಕ್ರಿ. ಇದಕ್ಕೆ ಅಪ್ಪಂದೋ ಅವ್ವಂದೋ ಫ್ರೂಟ್ಸ್ ಐಡಿ ಬೇಕು, ರೈತರಿಗೆ ಸರ್ಕಾರ ಕೊಡೋ ನೋಂದಣಿ ನಂಬರು, ಎಫ್‌ಐಡಿ ಅಂತಾರಲ್ಲ ಅದು. ನಮ್ಮ ಕಡೆ ಗಂಟು ಬೀಳೋದು ಇಲ್ಲೇನೇ. ಹೊಲ ಯಾರ ಹೆಸರಲ್ಲೈತೆ? ತಾತಂದು. ತಾತ ಎಲ್ಲಿದಾರೆ? ತೀರ್ಕೊಂಡು ಹದಿನೈದು ವರ್ಷ ಆಯ್ತು. ಅಪ್ಪ, ಚಿಕ್ಕಪ್ಪ, ದೊಡ್ಡಪ್ಪ ಮೂವರೂ ಉಳ್ತಿದಾರೆ, ಬಾಯಿಮಾತಲ್ಲಿ ಹಂಚ್ಕೊಂಡಿದಾರೆ, ಮೂರು ಮನೆ ಮಕ್ಕಳು ಕಾಲೇಜಿಗೆ ಬರ್ತಾರೆ, ಆದರೆ ಪಹಣೀಲಿ ಇನ್ನೂ ತಾತನ ಹೆಸರು. ಸರ್ಕಾರದ ಲೆಕ್ಕದಲ್ಲಿ ಈ ಮೂರು ಜನ ರೈತರೇ ಅಲ್ಲ! ಮುಂಜಾನೆಯಿಂದ ಸಂಜೆವರೆಗೂ ಈರುಳ್ಳಿ ಹೊಲದಲ್ಲಿ ಬಗ್ಗಿರೋ ಮನುಷ್ಯನ ಮಗ ರೈತನ ಮಗ ಅಲ್ಲ. ಅದಕ್ಕೆ ಪೌತಿ ಖಾತೆ ಮಾಡಿಸ್ರಿ, ಅಂದ್ರೆ ತೀರ್ಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ ಹೊಲ ಬದಲಾಯಿಸ್ಕೊಳ್ರಿ, ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡ್ಕೊಂಡು ಹೋಗ್ರಿ, ಈಗ ಕಂದಾಯ ಇಲಾಖೆಯೋರೇ ಇ-ಪೌತಿ ಅಂತ ಶುರು ಮಾಡಿದಾರೆ. ಅಣ್ಣತಮ್ಮಂದಿರ ಮಧ್ಯೆ ಮಾತಿಲ್ಲ ಅಂತ ಎಷ್ಟೋ ಮನೇಲಿ ಇದು ನಿಂತೈತೆ, ನನಗೆ ಗೊತ್ತು. ಯಜಮಾನ್ರೇ, ನಿಮ್ಮ ಜಗಳ ನಿಮಗಿರಲಿ, ಖಾತೆ ಕೆಲಸಕ್ಕೆ ಒಂದು ದಿನ ಒಟ್ಟಿಗೆ ಹೋಗಿ ಸಹಿ ಮಾಡಿ ಬರ್ರಿ, ಮಕ್ಕಳ ಪಾಲಿಗೆ ದೊಡ್ಡ ಉಪಕಾರ ಆಗ್ತೈತೆ.

ಕೇಂದ್ರದ್ದು ಒಂದು ಐತೆ, ಎನ್‌ಎಸ್‌ಪಿ ಅನ್ನೋ ಪೋರ್ಟಲಲ್ಲಿ ಹಾಕೋದು, ಕಾಲೇಜು ವಿದ್ಯಾರ್ಥಿಗಳ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್. ದೇಶಕ್ಕೆಲ್ಲಾ ಸೇರಿ ವರ್ಷಕ್ಕೆ 82,000 ಹೊಸ ಸ್ಕಾಲರ್‌ಶಿಪ್, ಅರ್ಧ ಹೆಣ್ಣುಮಕ್ಕಳಿಗೆ. ಡಿಗ್ರೀಲಿ ವರ್ಷಕ್ಕೆ 12,000. ಮನೆ ಆದಾಯ ನಾಲ್ಕೂವರೆ ಲಕ್ಷದ ಒಳಗೆ. ಜಾತಿ ಪ್ರಶ್ನೆ ಇಲ್ಲ, ಮಾರ್ಕ್ಸ್ ಮೇಲೆ. ಇದರಲ್ಲಿ ಎಂಬತ್ತನೇ ಪರ್ಸೆಂಟೈಲ್‌ಗಿಂತ ಮೇಲಿರ್ಬೇಕು ಅಂತ ಐತೆ, ಅದನ್ನ ಓದಿ ನಮ್ಮ ಮಕ್ಕಳು ಅಯ್ಯೋ ನನಗೆ ಎಪ್ಪತ್ತೆಂಟು ಪರ್ಸೆಂಟ್ ಸಾರ್ ಅಂತ ಬಿಟ್ಟುಬಿಡ್ತಾರೆ. ಪರ್ಸೆಂಟ್ ಬೇರೆ ಪರ್ಸೆಂಟೈಲ್ ಬೇರೆ ಕಣ್ರಪ್ಪಾ! ನಿಮ್ಮ ಬೋರ್ಡಲ್ಲಿ ನಿಮ್ಮ ವಿಭಾಗದಲ್ಲಿ ನೂರು ಜನ ಇದ್ರೆ ಅದರಲ್ಲಿ ಮೇಲಿನ ಇಪ್ಪತ್ತರಲ್ಲಿ ಇರ್ಬೇಕು ಅಂತ ಅರ್ಥ. ಆರ್ಟ್ಸ್ ಮಕ್ಕಳಲ್ಲಿ ಆ ಇಪ್ಪತ್ತರ ಗೆರೆ ಸೈನ್ಸ್‌ನೋರ ಗೆರೆಗಿಂತ ಬೇರೆ ಕಡೆ ಇರ್ತೈತೆ, ಅದಕ್ಕೆ ಯಾರೂ ನನಗೆ ಬರಲ್ಲ ಅಂತ ತಾವೇ ತೀರ್ಮಾನ ಮಾಡ್ಕೋಬೇಡ್ರಿ. ಮುಂದಿನ ವರ್ಷ ಮುಂದುವರಿಸೋಕೆ ಐವತ್ತು ಪರ್ಸೆಂಟ್ ಮಾರ್ಕ್ಸು, ಎಪ್ಪತ್ತೈದು ಪರ್ಸೆಂಟ್ ಹಾಜರಿ ಬೇಕು. ಇದನ್ನ ತಗೊಂಡ್ರೆ ಇನ್ನೊಂದು ಸರ್ಕಾರಿ ಸ್ಕಾಲರ್‌ಶಿಪ್ ತಗೊಳೋಕೆ ಬರಲ್ಲ, ಹಂಗಾಗಿ ಯಾವುದು ಹೆಚ್ಚು ಅಂತ ಮೊದಲೇ ಲೆಕ್ಕ ಹಾಕ್ರಿ.

ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನೋರು ವರ್ಷಕ್ಕೆ 30,000 ಕೊಡ್ತಾರೆ, ನಮ್ಮ ರಾಜ್ಯದಲ್ಲಿ ದೀಪಿಕಾ ಅನ್ನೋ ಹೆಸರಲ್ಲಿ ಬಂದೈತೆ, ಡಿಗ್ರಿ ಅಥವಾ ಡಿಪ್ಲೊಮಾ ಫಸ್ಟ್ ಇಯರಲ್ಲೇ ಹಾಕ್ಬೇಕು. ಇಂಜಿನಿಯರಿಂಗ್ ಕಡೆ ಹೋಗೋರು ಎಸ್‌ಎನ್‌ಕ್ಯೂ ಅನ್ನೋದನ್ನ ಕೇಳಿ ತಿಳ್ಕೊಳ್ರಿ, ಆದಾಯ ಎಂಟು ಲಕ್ಷದ ಒಳಗಿದ್ರೆ ಟ್ಯೂಷನ್ ಫೀಸ್ ಇಲ್ಲದೆ ಕೊಡೋ ಐದು ಪರ್ಸೆಂಟ್ ಸೀಟು, ಸಿಇಟಿ ನಡೆಸೋ ಕೆಇಎ ಕೌನ್ಸೆಲಿಂಗಲ್ಲೇ ಬರ್ತೈತೆ. ಸಾಲ ಅನ್ನೋದು ಕೊನೆಗಿರಲಿ. ಕಟ್ಟಡ ಕೆಲಸದೋರ ಮಕ್ಕಳಿಗೆ, ಬೀಡಿ ಕಟ್ಟೋರ ಮಕ್ಕಳಿಗೆ ಕಾರ್ಮಿಕ ಇಲಾಖೆ ಕಡೆಯಿಂದ ಬೇರೆ ಐತೆ, ಕಾರ್ಡ್ ಇದ್ದೋರು ಆಮೇಲೆ ನನ್ನ ಹತ್ರ ಬರ್ರಿ.

ಹಿಂದಿನ ಸಾಲಲ್ಲಿ ಒಬ್ರು ಯಜಮಾನ್ರು ಆಗಲೇ ಪಕ್ಕದೋರ ಹತ್ರ ಒಂದು ಮಾತು ಅಂದ್ರು, ನನಗೆ ಕೇಳಿಸ್ತು. ಬಿಟ್ಟಿ ದುಡ್ಡಿಗೆ ಇಷ್ಟೆಲ್ಲಾ ಯಾಕೆ, ದುಡಿದು ಓದಿಸ್ತೀನಿ ಅಂದ್ರು. ಅಣ್ಣಾ, ನಿಮ್ಮ ಸ್ವಾಭಿಮಾನ ದೊಡ್ಡದು, ಕೈ ಮುಗೀತೀನಿ. ಆದರೆ ಬಿಟ್ಟಿ ಅನ್ನೋ ಮಾತು ಬೇಡ. ಅಂಬೇಡ್ಕರ್ ಅವರು 1913ರಲ್ಲಿ ಅಮೆರಿಕಕ್ಕೆ ಓದೋಕೆ ಹೋಗಿದ್ದು ಬರೋಡಾ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂಗೆ ಮೂರು ವರ್ಷಕ್ಕೆ ಕೊಟ್ಟ ಸ್ಕಾಲರ್‌ಶಿಪ್ಪಿಂದ. ಅಷ್ಟು ದುಡ್ಡಿಂದ ಓದಿದ ಮನುಷ್ಯ ವಾಪಸ್ ಏನು ಕೊಟ್ರು ಅಂತ ನಿಮಗೆ ಹೇಳ್ಬೇಕಾ? ಇವತ್ತು ನಾವು ಪೋಸ್ಟ್ ಮೆಟ್ರಿಕ್ ಅಂತ ಅರ್ಜಿ ಹಾಕ್ತೀವಲ್ಲ, ಅದು ಶುರುವಾಗಿದ್ದು 1944ರಲ್ಲಿ, ಸ್ವಾತಂತ್ರ್ಯ ಬರೋಕೂ ಮುಂಚೆ, ಅವರು ವೈಸರಾಯ್ ಕೌನ್ಸಿಲಲ್ಲಿ ಇದ್ದ ಕಾಲದಲ್ಲಿ. ಎಂಬತ್ತು ವರ್ಷದಿಂದ ಹರೀತಿರೋ ನೀರು ಅದು. ನಮ್ಮೂರು ದಾವಣಗೆರೆಗೆ ಬರ್ರಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು 1951ರದ್ದು, ಅದರ ಹೆಸರಲ್ಲಿರೋ ಬಿಡಿಟಿ ದುಡ್ಡು ಕೊಟ್ಟ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಅವರದ್ದು. ಡಿಆರ್‌ಎಂ ಕಾಲೇಜಿನ ಆರ್‌ಎಂ ಅಂದ್ರೆ ರಾಜನಹಳ್ಳಿ ಮದ್ದೂರಾಯಪ್ಪನವರು. ಹಂಗೆ ಚಿತ್ರದುರ್ಗದ ಬೃಹನ್ಮಠದ ಜಯದೇವ ಸ್ವಾಮಿಗಳು ಊರೂರಲ್ಲಿ ಫ್ರೀ ಬೋರ್ಡಿಂಗ್ ಕಟ್ಟಿಸಿ ಹಳ್ಳಿ ಮಕ್ಕಳಿಗೆ ಅನ್ನ ಹಾಕಿದ್ರು. ಆ ಅನ್ನ ಉಂಡು ಓದಿದೋರು ಯಾರೂ ಅದನ್ನ ಬಿಟ್ಟಿ ಅನ್ನಲಿಲ್ಲ. ನಮ್ಮ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಮಾತು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಮಾಡಿದಷ್ಟು ನೀಡು ಭಿಕ್ಷೆ. ಇಲ್ಲಿ ಮುಂದೆ ಕೂತಿರೋ ಈ ಹುಡುಗಿ ಹಗಲು ಶೇಂಗಾ ಬಿಡಿಸಿ ರಾತ್ರಿ ಓದಿ ಅರವತ್ತೆಂಟು ಪರ್ಸೆಂಟ್ ತೆಗೆದವ್ಳೆ, ಅವಳು ಮಾಡಿ ತೋರಿಸಿದಾಳೆ, ಈಗ ನೀಡೋದು ಬಾಕಿ ಐತೆ. ನೀವು ಬೆಂಕಿಪೊಟ್ಟಣದಿಂದ ಹಿಡಿದು ಗೊಬ್ಬರದ ಚೀಲದವರೆಗೂ ತೆರಿಗೆ ಕಟ್ಟಿದೀರಿ, ಅದರದ್ದೇ ದುಡ್ಡಿದು, ತಲೆ ಎತ್ತಿ ತಗೊಳ್ರಿ.

ಇನ್ನು ಹೆಸರಿನ ವಿಷಯ. ನಮ್ಮ ಕಡೆ ಮನೆಗೊಬ್ಬ ತಿಪ್ಪೇಸ್ವಾಮಿ ಇರ್ತಾನೆ. ಕನ್ನಡದಲ್ಲಿ ಒಂದೇ ತರ ಬರೀತೀವಿ, ಇಂಗ್ಲಿಷಲ್ಲಿ ಬರೆಯೋವಾಗ ಟಿ ಆದ್ಮೇಲೆ ಎಚ್ ಹಾಕೋರು ಹಾಕ್ತಾರೆ ಬಿಡೋರು ಬಿಡ್ತಾರೆ, ಒಂದು ಪಿ ಎರಡು ಪಿ, ಕೊನೇಲಿ ವೈ ಒಬ್ರು ಐ ಒಬ್ರು. ಮಾರ್ಕ್ಸ್ ಕಾರ್ಡಲ್ಲಿ ಇನಿಶಿಯಲ್ ಹಿಂದೆ, ಆಧಾರಲ್ಲಿ ಮುಂದೆ, ಬ್ಯಾಂಕಲ್ಲಿ ಇನಿಶಿಯಲ್ಲೇ ಇಲ್ಲ. ಮನುಷ್ಯರಿಗೆ ಎಲ್ಲಾ ಒಬ್ಬನೇ, ಕಂಪ್ಯೂಟರಿಗೆ ನಾಲ್ಕು ಜನ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನ ಮೂಲ ಅಂತ ಇಟ್ಕೊಂಡು ಉಳಿದಿದ್ದನ್ನೆಲ್ಲ ಅದಕ್ಕೆ ಸರಿ ಮಾಡ್ಕೊಂಡು ಬರ್ರಿ, ಯಾಕಂದ್ರೆ ಮಾರ್ಕ್ಸ್ ಕಾರ್ಡ್ ತಿದ್ದಿಸೋದೇ ಎಲ್ಲಕ್ಕಿಂತ ಕಷ್ಟ. ಆಧಾರ್ ತಿದ್ದಿಸಿದ ಮೇಲೆ ಬ್ಯಾಂಕಿಗೂ ಹೋಗಿ ಹೊಸದು ಕೊಡ್ರಿ. ಇದನ್ನೆಲ್ಲ ಈ ರಜೇಲೇ ಮಾಡ್ಬೇಕು, ಕಾಲೇಜು ಶುರುವಾದ ಮೇಲೆ ಕ್ಲಾಸ್ ಬಿಟ್ಟು ಆಧಾರ್ ಸೆಂಟರ್ ಮುಂದೆ ನಿಲ್ಲೋದು ಆಗ್ತೈತೆ. ಮತ್ತೆ ಯಾರಾದ್ರೂ ಫೋನ್ ಮಾಡಿ ನಿಮ್ಮ ಸ್ಕಾಲರ್‌ಶಿಪ್ ಬಂದೈತೆ ಓಟಿಪಿ ಹೇಳ್ರಿ ಅಂದ್ರೆ ಕಟ್ ಮಾಡ್ರಿ. ಸರ್ಕಾರ ಫೋನಲ್ಲಿ ಓಟಿಪಿ ಕೇಳಲ್ಲ.

ಈಗ ನನ್ನ ಮನಸ್ಸಿಗೆ ನೋವು ಕೊಡೋ ಮಾತು. ಫೀಸು ಜೂನ್ ಜುಲೈಯಲ್ಲಿ ಕಟ್ಬೇಕು, ದುಡ್ಡು ಬರೋದು ವರ್ಷದ ಕೊನೆಗೆ, ಒಂದೊಂದ್ಸಲ ಮುಂದಿನ ವರ್ಷಕ್ಕೇ ಹೋಗ್ತೈತೆ. ನಡುವಿನ ಎಂಟು ತಿಂಗಳು ಯಾರು ನಡೆಸ್ತಾರೆ? ಅವ್ವನ ಕಿವಿ ಓಲೆ ನಡೆಸ್ತೈತೆ, ಸಂಘದ ಸಾಲ ನಡೆಸ್ತೈತೆ, ನೂರಕ್ಕೆ ಮೂರು ರೂಪಾಯಿ ಬಡ್ಡಿ ನಡೆಸ್ತೈತೆ. ಸ್ಕಾಲರ್‌ಶಿಪ್ ಬರೋ ಹೊತ್ತಿಗೆ ಅದರಲ್ಲಿ ಒಂದು ಪಾಲು ಬಡ್ಡಿಗೇ ಹೋಗಿರ್ತೈತೆ. ಎಸ್‌ಸಿ ಮಕ್ಕಳಿಗೆ ಅಡ್ಮಿಷನ್ ಹೊತ್ತಲ್ಲಿ ಫೀಸ್ ಕೇಳದೆ ಇರೋಕೆ ಫ್ರೀಶಿಪ್ ಕಾರ್ಡ್ ಅಂತ ಕೇಂದ್ರದ 2021ರ ಮಾರ್ಗಸೂಚೀಲೇ ಐತೆ. ನನ್ನ ಅಭಿಪ್ರಾಯ ಕೇಳಿದ್ರೆ ಬಡವರ ಮಕ್ಕಳು ಎಲ್ರಿಗೂ ಇದು ಬೇಕು. ಹೋದ ವರ್ಷ ತಗೊಂಡಿರೋ ಮಗು, ಅದೇ ಕಾಲೇಜು, ಅದೇ ಆದಾಯ, ರಿನ್ಯೂವಲ್‌ಗೆ ಅಷ್ಟು ತಿಂಗಳು ಯಾಕೆ ಬೇಕು? ಮೊದಲನೇ ಕಂತನ್ನ ಕಾಲೇಜು ಶುರುವಾದ ತಿಂಗಳೇ ಹಾಕೋಕೆ ಯಾವ ತೊಂದರೇನೂ ನನಗೆ ಕಾಣ್ತಿಲ್ಲ. ನಿಮ್ಮ ಎಂಎಲ್‌ಎ ಊರಿಗೆ ಬಂದಾಗ ರಸ್ತೆ, ನೀರು ಕೇಳ್ತೀರಿ, ಕೇಳ್ಲೇಬೇಕು, ಜೊತೆಗೆ ಇದನ್ನೂ ಕೇಳ್ರಿ. ಯಾರೂ ಕೇಳಿಲ್ಲ, ಅದಕ್ಕೆ ಯಾರೂ ಮಾಡಿಲ್ಲ. ಮಕ್ಕಳೇ, ನೀವು ದುಡ್ಡು ತಡ ಆಯ್ತು ಅಂತ ಕಾಲೇಜು ಬಿಡ್ಬೇಡ್ರಿ. ಬಿಡೋಕೆ ಮುಂಚೆ ಒಂದ್ಸಲ ಕಾಲೇಜಿನ ಸ್ಕಾಲರ್‌ಶಿಪ್ ನೋಡ್ಕೊಳೋರ ಹತ್ರ ಹೋಗಿ ಎದುರಿಗೆ ಕೂತು ಸ್ಟೇಟಸ್ ತೆಗೆಸಿ ನೋಡ್ರಿ, ಕಾಯಿ ಅಂದ್ರೆ ಎದ್ದು ಬರ್ಬೇಡ್ರಿ.

ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆ ಕೇಳ್ರಿ ಅಂದೆ. ಒಂದು ಹುಡುಗ ಮೊದಲನೇ ಸಲ ಫೇಲಾಗಿ ಆಮೇಲಿನ ಪರೀಕ್ಷೇಲಿ ಪಾಸಾದ್ರೆ ಸ್ಕಾಲರ್‌ಶಿಪ್ ಬರ್ತೈತಾ ಅಂತ ಕೇಳ್ದ. ಪೋಸ್ಟ್ ಮೆಟ್ರಿಕ್‌ಗೆ ಕಾಲೇಜಿಗೆ ಸೇರಿರ್ಬೇಕು ಅಷ್ಟೇ, ಯಾವ ಪರೀಕ್ಷೆ ಅಂತ ಕೇಳಲ್ಲ, ಆದರೆ ಪ್ರೈಜ್ ಮನಿಗೆ ಮೊದಲನೇ ಸಲಕ್ಕೇ ಆಗಿರ್ಬೇಕು ಅಂದೆ. ಇನ್ನೊಬ್ಳು ಹುಡುಗಿ ಆದಾಯ ಸರ್ಟಿಫಿಕೇಟಲ್ಲಿ ನಮ್ಮ ಪಕ್ಕದ ಮನೆಯೋರದ್ದು ಕಡಿಮೆ ಐತೆ ನಮ್ಮದು ಜಾಸ್ತಿ ಐತೆ ಅಂದ್ಲು, ಅದನ್ನ ಗ್ರಾಮ ಆಡಳಿತಾಧಿಕಾರಿ ಹತ್ರ ಕೂತು ಮಾತಾಡ್ಬೇಕಮ್ಮ, ತಪ್ಪಾಗಿದ್ರೆ ತಹಸೀಲ್ದಾರರಿಗೆ ಅರ್ಜಿ ಕೊಡ್ಬೇಕು ಅಂತ ಹೇಳ್ದೆ.

ಕೊನೇಲಿ ಒಬ್ಬ ಅಜ್ಜಿ ಎದ್ದು ನಿಂತ್ರು. ಮೊಮ್ಮಗಳು ಪಕ್ಕದಲ್ಲಿ ತಲೆ ತಗ್ಗಿಸ್ಕೊಂಡು ಕೂತಿದ್ಲು. ‘ಯಪ್ಪಾ, ಇವಳ ಅಪ್ಪ ಅವ್ವ ಕಾಫಿ ಸೀಮೆಗೆ ಗುಳೆ ಹೋಗ್ಯಾರೆ, ದೀಪಾವಳಿಗೆ ಬರ್ತಾರೆ. ಅವರ ಆಧಾರು, ಬೆರಳು ಅಂತ ಕೇಳಿದ್ರೆ ನಾನು ಎಲ್ಲಿಂದ ತರ್ಲಿ?’ ಅಂದ್ರು. ಹಾಲು ಸುಮ್ಮನಾಯ್ತು, ಯಾಕಂದ್ರೆ ಅಲ್ಲಿದ್ದ ಸುಮಾರು ಮನೆಯೋರು ಯಾರಾದ್ರೂ ಒಬ್ರು ಆ ಸೀಮೇಲಿದಾರೆ. ನಾನು ಅಜ್ಜಿಗೆ ಹೇಳಿದ್ದು ಇಷ್ಟು: ಅಪ್ಪ ಅವ್ವನ ಆಧಾರ್ ಕಾರ್ಡಿನ ಫೋಟೋ ವಾಟ್ಸ್‌ಆ್ಯಪಲ್ಲಿ ಇವತ್ತೇ ತರಿಸ್ಕೊಳ್ರಿ, ಅವರ ಫೋನ್ ಆನ್ ಇಟ್ಕೊಂಡಿರೋಕೆ ಹೇಳ್ರಿ, ಓಟಿಪಿ ಬಂದ್ರೆ ಫೋನಲ್ಲಿ ಮಗಳಿಗೆ ಮಾತ್ರ ಹೇಳ್ಲಿ ಬೇರೆ ಯಾರಿಗೂ ಬೇಡ. ಸ್ಕಾಲರ್‌ಶಿಪ್ ಬರೋ ಖಾತೆ ಹುಡುಗೀದು, ಅದಕ್ಕೆ ಅವಳ ಬೆರಳು ಸಾಕು, ಅವಳು ಇಲ್ಲೇ ಇದಾಳೆ. ಅಜ್ಜಿ, ‘ಹಂಗಾದ್ರೆ ಈಗ್ಲೇ ನೋಡಪ್ಪ ಇವಳದ್ದು’ ಅಂತ ಮೊಮ್ಮಗಳ ಕೈಯಿಂದ ಫೋನ್ ಇಸ್ಕೊಂಡು ನನಗೆ ಕೊಟ್ರು.

ನೋಡಿದ್ವಿ. ಪಟ್ಟೀಲಿ ಯಾವ ಬ್ಯಾಂಕೂ ಇರಲಿಲ್ಲ, ಸೀಡ್ ಆಗೇ ಇರಲಿಲ್ಲ. ಪಿಯುಸಿ ಎರಡು ವರ್ಷ ನನಗೆ ಬರಲ್ಲ ಅಂದ್ಕೊಂಡು ಸುಮ್ನಿದ್ದಳಂತೆ. ಸೋಮವಾರ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಏನಂತ ಕೇಳ್ಬೇಕು ಅನ್ನೋದನ್ನ ಒಂದು ಚೀಟೀಲಿ ಬರೆದುಕೊಟ್ಟೆ. ಅಷ್ಟೊತ್ತಿಗೆ ಅವರ ಹಿಂದೆ ಸಾಲು ನಿಂತಿತ್ತು, ಕಾಲೇಜಿನ ಜಗುಲಿ ಮೇಲೆ ಕೂತು ಒಬ್ಬೊಬ್ಬರದ್ದೇ ನೋಡ್ತಾ ಹೋದ್ವಿ, ಪಿಯು ಮೇಷ್ಟ್ರು ಇಬ್ರು ಜೊತೆಗೆ ಕೂತ್ರು. ಮೂವತ್ತೊಂದು ಫೋನ್ ನೋಡಿದ್ವಿ, ಒಂಬತ್ತು ಜನದ್ದು ಬೇರೆ ಬ್ಯಾಂಕು, ನಾಲ್ಕು ಜನದ್ದು ಇರಲೇ ಇಲ್ಲ. ಕತ್ತಲಾಗೋ ಹೊತ್ತಿಗೆ ನನ್ನ ಬಸ್ ಹೋಗಿತ್ತು, ಅಲ್ಲೇ ಒಬ್ಬ ಮೇಷ್ಟ್ರ ಮನೇಲಿ ಮುದ್ದೆ ಉಂಡು ಮಲಗಿ ಬೆಳಿಗ್ಗೆ ಮೊದಲನೇ ಬಸ್ಸಿಗೆ ಬಂದೆ. ಮೊನ್ನೆ ಬುಧವಾರ ಆ ಹುಡುಗೀದು ಮೆಸೇಜ್ ಬಂತು, ‘ಸಾರ್ ಆ್ಯಕ್ಟಿವ್ ಅಂತ ತೋರಿಸ್ತಾ ಐತೆ’ ಅಂತ, ಕೆಳಗೆ ಸ್ಕ್ರೀನ್‌ಶಾಟ್.